ಮೀಟರಿಗೊಂದು ಕೋಟಿ ಕಿಲೋಮೀಟರ್: ಸೌರವ್ಯೂಹ ನೆಟ್ಟ 29 ದಿನಗಳು

ನಿನ್ನೆ ಸಂಜೆ ಪ್ಲೂಟೊ ಕಂಬದ ಗುಂಡಿಗೆ ಮಣ್ಣು ತುಂಬಿ, ಕಾಲಲ್ಲಿ ತುಳಿದು ಗಟ್ಟಿ ಮಾಡಿದಲ್ಲಿಗೆ ಕೆಲಸ ಮುಗಿಯಿತು. ಸೌರವ್ಯೂಹವನ್ನು ಅಳತೆಗೆ ತಕ್ಕಂತೆ ಕುಗ್ಗಿಸಿದ ಮಾದರಿ ಇದು: ಒಟ್ಟು 11 ಕಂಬ, 590 ಮೀಟರ್ 60 ಸೆಂ.ಮೀ. ನೇರ ಹಾದಿ. ಒಂದು ತುದಿಯಲ್ಲಿ ಎರಡು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಹಳದಿ ಸೂರ್ಯ, ಇನ್ನೊಂದು ತುದಿಯಲ್ಲಿ ಕಾಲು ಮಿಲಿಮೀಟರಿನ ಪ್ಲೂಟೊ. ಒಂದು ವಾರದ ಕೆಲಸ ಅಂದುಕೊಂಡು ಶುರು ಮಾಡಿದ್ದೆ, ಹಿಡಿದದ್ದು 29 ದಿನ. ಯಾಕೆ ಅಷ್ಟು ದಿನ ಹಿಡಿಯಿತು, ಎಲ್ಲೆಲ್ಲಿ ಎಡವಿದೆ ಅನ್ನುವುದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ. ಇಂಥದ್ದನ್ನೇ ಮಾಡಹೊರಟವರಿಗೆ ಕನಿಷ್ಠ ಹತ್ತು ದಿನ ಉಳಿಯಲಿ.

ದಿನ 1: ಅಳತೆಮಾನ

ಮಗಳ ಪುಸ್ತಕದಲ್ಲಿ ಎಂಟು ಗ್ರಹಗಳೂ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿರುವ ಚಿತ್ರವಿದೆ. "ಗುರುವಿನಿಂದ ಶನಿಗೆ ಹಾರಬಹುದಾ?" ಅಂತ ಅವಳು ಕೇಳಿದಳು. ಚಿತ್ರ ನೋಡಿದರೆ ಹಾಗೇ ಅನಿಸುತ್ತದೆ. ಕೆಲಸ ಹುಟ್ಟಿದ್ದು ಅಲ್ಲಿಂದ.

ಮೊದಲು ಮನೆಯೊಳಗೇ 20 ಮೀಟರ್ ದಾರ ಕಟ್ಟಿ ಮುಗಿಸೋಣ ಅಂದುಕೊಂಡೆ. ಲೆಕ್ಕ ಹಾಕಿದೆ. ನೆಪ್ಚೂನ್ ಸೂರ್ಯನಿಂದ 449.5 ಕೋಟಿ ಕಿ.ಮೀ. ದೂರ. ಅದು 20 ಮೀಟರಿಗೆ ಇಳಿದರೆ ಸೂರ್ಯ 6 ಮಿ.ಮೀ. ಮಣಿ, ಭೂಮಿ 0.06 ಮಿ.ಮೀ., ಅಂದರೆ ಒಂದು ಕೂದಲಿನ ದಪ್ಪ. ಬುಧ ಕಣ್ಣಿಗೇ ಬೀಳುವುದಿಲ್ಲ.

ಇಂಥ ಕಡೆ ಬಹಳ ಜನ ಗಾತ್ರಕ್ಕೊಂದು ಅಳತೆ, ದೂರಕ್ಕೊಂದು ಅಳತೆ ಹಿಡಿಯುತ್ತಾರೆ. ಗ್ರಹಗಳನ್ನು ದೊಡ್ಡದು ಮಾಡಿ ದೂರವನ್ನು ಕುಗ್ಗಿಸುತ್ತಾರೆ. ನನಗೂ ಆ ಆಸೆ ಬಂತು, ಒಂದು ಗಂಟೆ ಕೂತು ಯೋಚಿಸಿದೆ. ಆದರೆ ಪುಸ್ತಕದ ಚಿತ್ರ ಮಾಡಿದ ತಪ್ಪೂ ಅದೇ ಅಲ್ಲವೇ? ಸೌರವ್ಯೂಹದಲ್ಲಿ ಮುಖ್ಯವಾಗಿ ಇರುವುದು ಖಾಲಿ ಜಾಗ. ಅದನ್ನು ಬಿಟ್ಟು ಉಳಿದದ್ದನ್ನು ತೋರಿಸಿದರೆ ಏನು ತೋರಿಸಿದಂತಾಯಿತು? ಗ್ರಹ ಕಾಣದಷ್ಟು ಚಿಕ್ಕದಾದರೂ ಚಿಂತೆಯಿಲ್ಲ, ಎರಡಕ್ಕೂ ಒಂದೇ ಅಳತೆ ಎಂದು ನಿರ್ಧರಿಸಿ ಮನೆಯಿಂದ ಹೊರಗೆ ಬಂದೆ. ಹತ್ತಿರದಲ್ಲಿ 620 ಮೀಟರ್ ನೆಟ್ಟಗಿನ ನಡಿಗೆ ಹಾದಿ ಇತ್ತು, ಕಂಬ ನೆಡಲು ಅನುಮತಿಯೂ ಸಿಕ್ಕಿತು.

ಅಳತೆ ಹೀಗೆ: 1 ಮೀಟರ್ ಅಂದರೆ 1 ಕೋಟಿ ಕಿ.ಮೀ., 1 ಮಿ.ಮೀ. ಅಂದರೆ 10,000 ಕಿ.ಮೀ. ಕೋಟಿಯಲ್ಲಿ ಎಣಿಸುವವರಿಗೆ ಇದಕ್ಕಿಂತ ಹಗುರವಾದ ಅಳತೆ ಇನ್ನೊಂದಿಲ್ಲ. ಭೂಮಿ ಸೂರ್ಯನಿಂದ 14.96 ಕೋಟಿ ಕಿ.ಮೀ., ಹಾಗಾಗಿ 14.96 ಮೀಟರಿಗೆ ಕಂಬ. ಕೋಟಿ ಅನ್ನುವ ಪದ ತೆಗೆದು ಮೀಟರ್ ಅಂತ ಬರೆದರೆ ಮುಗಿಯಿತು.

ದಿನ 2–3: ಪಟ್ಟಿ, ಮತ್ತು ಮೊದಲ ತಪ್ಪು

ಬರೆದುಕೊಂಡ ಪಟ್ಟಿ, ಸೂರ್ಯನಿಂದ ದೂರ ಮತ್ತು ಗುಂಡಿನ ವ್ಯಾಸ:

ಸೂರ್ಯ: ವ್ಯಾಸ 139.2 ಮಿ.ಮೀ.
ಬುಧ: 5.79 ಮೀ., 0.49 ಮಿ.ಮೀ.
ಶುಕ್ರ: 10.82 ಮೀ., 1.21 ಮಿ.ಮೀ.
ಭೂಮಿ: 14.96 ಮೀ., 1.28 ಮಿ.ಮೀ.
ಮಂಗಳ: 22.8 ಮೀ., 0.68 ಮಿ.ಮೀ.
ಸಿರಿಸ್ (ಕ್ಷುದ್ರಗ್ರಹಗಳಲ್ಲಿ ದೊಡ್ಡದು): 41.4 ಮೀ., 0.09 ಮಿ.ಮೀ.
ಗುರು: 77.85 ಮೀ., 14.3 ಮಿ.ಮೀ.
ಶನಿ: 143.4 ಮೀ., 12.05 ಮಿ.ಮೀ.
ಯುರೇನಸ್: 287 ಮೀ., 5.1 ಮಿ.ಮೀ.
ನೆಪ್ಚೂನ್: 449.5 ಮೀ., 4.95 ಮಿ.ಮೀ.
ಪ್ಲೂಟೊ: 590.6 ಮೀ., 0.24 ಮಿ.ಮೀ.

ಈ ಪಟ್ಟಿ ಮೊದಲ ಸಲಕ್ಕೇ ಸರಿ ಬರಲಿಲ್ಲ. ಗುರುವಿನ ಸಾಲಿನಲ್ಲಿ ವ್ಯಾಸದ ಬದಲು ತ್ರಿಜ್ಯ ಹಾಕಿದ್ದೆ, 7.1 ಮಿ.ಮೀ. ಬಂದಿತ್ತು. 7 ಮಿ.ಮೀ. ಗುಂಡು ತಂದೆ, ಬಣ್ಣ ಹಚ್ಚಿದೆ, ಪಟ್ಟೆಗಳನ್ನೂ ಎಳೆದೆ. ಶನಿಯ ಪಕ್ಕ ಇಟ್ಟಾಗ ಮಗಳೇ ಹೇಳಿದಳು, "ಗುರು ದೊಡ್ಡದಲ್ವಾ?" ಒಂದು ದಿನದ ಕೆಲಸ ಹೋಯಿತು. ಒಂದು ಕಡೆ ತ್ರಿಜ್ಯ, ಇನ್ನೊಂದು ಕಡೆ ವ್ಯಾಸ ಸಿಗುವಾಗ ಈ ತಪ್ಪು ಸುಲಭ. ಪ್ರತಿ ಅಂಕಿಯ ಪಕ್ಕ ವ್ಯಾಸವೋ ತ್ರಿಜ್ಯವೋ ಎಂದು ಬರೆದುಕೊಳ್ಳಿ. ಗುರುವಿನ ವ್ಯಾಸ ಸೂರ್ಯನ ವ್ಯಾಸದ ಹತ್ತನೇ ಒಂದು ಪಾಲು, ಭೂಮಿಯದು ನೂರೊಂಬತ್ತನೇ ಪಾಲು. ಈ ಎರಡು ಅನುಪಾತ ನೆನಪಿದ್ದರೆ ಪಟ್ಟಿಯ ಮೇಲೆ ಕಣ್ಣು ಹಾಯಿಸಿದ ಕೂಡಲೇ ತಪ್ಪು ಗೊತ್ತಾಗುತ್ತದೆ.

ದಿನ 4–8: ಸೂರ್ಯ

140 ಮಿ.ಮೀ. ಅಂತ ಮಾರಿದ ಥರ್ಮೊಕೋಲ್ ಚೆಂಡು ತಂದೆ. ದಾರ ಸುತ್ತಿ ಪರಿಧಿ ಅಳೆದರೆ 430 ಮಿ.ಮೀ., ಅಂದರೆ ವ್ಯಾಸ 137 ಕೂಡ ಇಲ್ಲ. ಬೇಕಾದ ಪರಿಧಿ 437. ಅದನ್ನು ಆಮೇಲೆ ನೋಡೋಣ, ಮೊದಲು ಬಣ್ಣ ಎಂದುಕೊಂಡು ಸ್ಪ್ರೇ ಡಬ್ಬಿ ಹಿಡಿದೆ.

ಮೂರು ಸೆಕೆಂಡಿನಲ್ಲಿ ಚೆಂಡಿನ ಮೈಮೇಲೆ ಗುಳಿ ಬೀಳತೊಡಗಿದವು. ಸ್ಪ್ರೇ ಬಣ್ಣದಲ್ಲಿರುವ ದ್ರಾವಕ ಥರ್ಮೊಕೋಲನ್ನು ಕರಗಿಸುತ್ತದೆ. ಒರೆಸಲು ಹೋದರೆ ಇನ್ನಷ್ಟು ಕಿತ್ತು ಬಂತು. ಆ ಚೆಂಡು ಕಸಕ್ಕೆ.

ಎರಡನೇ ಚೆಂಡಿಗೆ ಹಳೆಯ ಕಾಗದವನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ಬಿಳಿ ಅಂಟಿಗೆ ಅರ್ಧ ಪಾಲು ನೀರು ಬೆರೆಸಿ, ಪದರದ ಮೇಲೆ ಪದರ ಅಂಟಿಸಿದೆ. ಒಂದೊಂದು ಪದರಕ್ಕೆ ಸುಮಾರು 0.1 ಮಿ.ಮೀ. ದಪ್ಪ ಸಿಗುತ್ತದೆ, ಆದ್ದರಿಂದ 11 ಪದರ ಬೇಕಾಯಿತು. ಒಂದೇ ದಿನ ಆರು ಪದರ ಹಾಕಿದ್ದು ದುಡುಕು: ಒಳಗಿನದು ಒಣಗದೆ ಸುಕ್ಕುಗಟ್ಟಿತು, ಮರಳುಕಾಗದ ಹಾಕಿ ತಿಕ್ಕಿ ಮತ್ತೆ ಹಚ್ಚಬೇಕಾಯಿತು. ದಿನಕ್ಕೆ ಮೂರು ಪದರ ಸಾಕು. ಕೊನೆಗೆ ನೀರಿನ ಬಣ್ಣದಲ್ಲೇ ಹಳದಿ ಎರಡು ಕೋಟು, ಮೇಲೆ ಹೊರಾಂಗಣದ ವಾರ್ನಿಶ್. ದಾರದ ಅಳತೆ 437 ಮಿ.ಮೀ. ಬಂದಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಸೌರವ್ಯೂಹದ ಒಟ್ಟು ದ್ರವ್ಯರಾಶಿಯಲ್ಲಿ ಶೇ. 99.86 ಇರುವುದು ಸೂರ್ಯನಲ್ಲೇ. ಇನ್ನು ಮುಂದೆ ಈ ಕಡತದಲ್ಲಿ ಬರುವ ಎಲ್ಲ ಗುಂಡುಗಳೂ ಸೇರಿ ಉಳಿದ ಶೇ. 0.14ರ ಲೆಕ್ಕ.

ದಿನ 9–13: ಚಿಕ್ಕ ಗ್ರಹಗಳು

ಇದೇ ನನ್ನನ್ನು ಹೆಚ್ಚು ಸತಾಯಿಸಿದ ಭಾಗ. ಎಪಾಕ್ಸಿ ಜೇಡಿಯನ್ನು ಬೆರಳ ತುದಿಯಲ್ಲಿ ಉರುಳಿಸಿ ಭೂಮಿ ಮಾಡಲು ಹೊರಟೆ. ಎಷ್ಟೇ ಚಿಕ್ಕದು ಮಾಡಿದರೂ 2 ಮಿ.ಮೀ. ಕೆಳಗೆ ಇಳಿಯಲಿಲ್ಲ, ಅದೂ ಗುಂಡಗಿರಲಿಲ್ಲ. ಗುಂಡುಸೂಜಿಯ ಗಾಜಿನ ತಲೆಗಳೂ ದೊಡ್ಡವೇ.

ದಾರಿ ತೋರಿಸಿದವರು ಮೊಬೈಲ್ ರಿಪೇರಿ ಮಾಡುವ ಗೆಳೆಯ. ಚಿಪ್ಪನ್ನು ಬೋರ್ಡಿಗೆ ಕೂರಿಸಲು ಬಳಸುವ ಸೋಲ್ಡರ್ ಗುಂಡುಗಳು ಚಿಕ್ಕ ಸೀಸೆಗಳಲ್ಲಿ ಬರುತ್ತವೆ: 0.25, 0.3, 0.35, 0.5, 0.55, 0.65 ಮಿ.ಮೀ. ಹೀಗೆ. ಕರಗಿದ ಲೋಹ ತನ್ನ ಮೇಲ್ಮೈ ಎಳೆತದಿಂದಲೇ ಗುಂಡಗಾಗುವುದರಿಂದ ಆಕಾರದಲ್ಲಿ ಮಾತೇ ಇಲ್ಲ. ಸೀಸೆಯೊಂದರಲ್ಲಿ ಸಾವಿರಾರು ಬುಧಗಳು! ಬುಧಕ್ಕೆ 0.5, ಮಂಗಳಕ್ಕೆ 0.65, ನಮ್ಮ ಚಂದ್ರನಿಗೆ 0.35, ಪ್ಲೂಟೊಗೆ 0.25. ಶುಕ್ರ ಮತ್ತು ಭೂಮಿಗೆ 3/64 ಇಂಚಿನ ಉಕ್ಕಿನ ಗುಂಡು, ಅಂದರೆ 1.19 ಮಿ.ಮೀ. ಶುಕ್ರನಿಗೆ ಒಂದು ತೆಳು ಕೋಟು ಸಾಕಾಯಿತು, ಭೂಮಿಗೆ ನೀಲಿಯನ್ನು ಎರಡು ಸಲ ಹಚ್ಚಿ 1.28ಕ್ಕೆ ಮುಟ್ಟಿಸಿದೆ. ಅಳೆದದ್ದು ಡಿಜಿಟಲ್ ಕ್ಯಾಲಿಪರಿನಲ್ಲಿ.

ಖರ್ಚಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೆಚ್ಚು ಹಣ ತಿಂದದ್ದು ಅಕ್ರಿಲಿಕ್ ಹಲಗೆ ಮತ್ತು ಕಂಬದ ಪೈಪು. ಗ್ರಹಗಳಿಗೆ ಆದ ಖರ್ಚು ಎಲ್ಲಕ್ಕಿಂತ ಕಡಿಮೆ.

ಇನ್ನು ಅಂಟಿಸುವುದು. ಭೂಮಿಯ ಹಲಗೆ 3 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್. ಭೂಮಿಯಿಂದ 38.4 ಮಿ.ಮೀ. ದೂರದಲ್ಲಿ ಚಂದ್ರ ಬರಬೇಕು, ನಿಜದ ದೂರ 3,84,400 ಕಿ.ಮೀ. ಗುರುತು ಹಾಕಿದ ಕಡೆ ಸೂಕ್ಷ್ಮ ಡ್ರಿಲ್ಲಿನಲ್ಲಿ ಒಂದು ಕುಳಿ ಮಾಡಿ, ಗುಂಡನ್ನು ಅದರಲ್ಲಿ ಕೂರಿಸುವುದು. ಮೊದಲ ಚಂದ್ರನನ್ನು ಚಿಮ್ಮಟದಲ್ಲಿ ಹಿಡಿದೆ, ಚಿಟಿಕೆ ಜಾರಿ ಎಲ್ಲೋ ಹಾರಿಹೋಯಿತು. ಎರಡನೆಯದು ಕುಳಿಗೆ ಬೀಳುವ ಬದಲು ಅಕ್ರಿಲಿಕ್ಕಿನ ಸ್ಥಿರವಿದ್ಯುತ್ತಿಗೆ ಸಿಕ್ಕಿ ಹಲಗೆಯ ಅಂಚಿಗೆ ಅಂಟಿಕೊಂಡಿತು. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನ್ ನಿಲ್ಲಿಸಿ, ಚಿಮ್ಮಟದ ಬದಲು ತುದಿ ಒದ್ದೆ ಮಾಡಿದ ಸಣ್ಣ ಕಡ್ಡಿಯಲ್ಲಿ ಎತ್ತಿದೆ. ನೀರಿನ ಪಸೆಗೆ ಗುಂಡು ಅಂಟಿಕೊಂಡು ಬರುತ್ತದೆ. ಉಸಿರು ಬಿಗಿಹಿಡಿದು ಇಟ್ಟರೆ ಸರಿಯಾಗಿ ಕೂರುತ್ತದೆ.

ಸೂಪರ್ ಗ್ಲೂ ಬಳಸಿದ್ದು ದೊಡ್ಡ ತಪ್ಪು. ರಾತ್ರಿ ಅಂಟಿಸಿ ಬೆಳಗ್ಗೆ ನೋಡಿದರೆ ಚಂದ್ರನ ಸುತ್ತ ಎರಡು ಬೆರಳಗಲ ಬಿಳಿ ಮಬ್ಬು. ಆ ಅಂಟಿನ ಆವಿ ಅಕ್ರಿಲಿಕ್ ಮೇಲೆ ಬಿಳಿಯಾಗಿ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ಮೂರು ಹಲಗೆ ಹಾಳಾದವು. ಆಮೇಲೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತಂದೆ. ವಿದ್ಯುತ್ ತಂತಿಯ ಒಳಗಿನ ತಾಮ್ರದ ಒಂದೇ ಎಳೆಯನ್ನು ಅಂಟಿನಲ್ಲಿ ಅದ್ದಿ ಕುಳಿಗೆ ಮುಟ್ಟಿಸಿದರೆ ಬೇಕಾದಷ್ಟೇ ಇಳಿಯುತ್ತದೆ. ಒಂದು ದಿನ ಕಾಯಬೇಕು, ಮಬ್ಬು ಬರುವುದಿಲ್ಲ.

ದಿನ 14–16: ಗುರು ಮತ್ತು ಶನಿ

9/16 ಇಂಚಿನ ಬೇರಿಂಗ್ ಗುಂಡು 14.29 ಮಿ.ಮೀ. ಗುರುವಿಗೆ ಹೇಳಿ ಮಾಡಿಸಿದ ಹಾಗೆ. ಹಲಗೆ ಎಲ್ಲಕ್ಕೂ ಒಂದೇ ಅಳತೆಯದಿರಲಿ ಎಂದು 200 ಮಿ.ಮೀ. ಅಗಲಕ್ಕೆ ಮೊದಲೇ ಕತ್ತರಿಸಿಟ್ಟಿದ್ದೆ, ಗುರುವನ್ನು ನಟ್ಟನಡುವೆ ಕೂರಿಸಿದೆ. ಆಮೇಲೆ ಗೆಲಿಲಿಯೊ 1610ರಲ್ಲಿ ದೂರದರ್ಶಕದಲ್ಲಿ ಕಂಡ ನಾಲ್ಕು ಉಪಗ್ರಹಗಳನ್ನು ಗುರುತು ಮಾಡಲು ಕೂತೆ. ಅಯೊ 42 ಮಿ.ಮೀ., ಯುರೋಪಾ 67, ಗ್ಯಾನಿಮೀಡ್ 107, ಕ್ಯಾಲಿಸ್ಟೊ 188. ನಡುವಿನಿಂದ ಅಂಚಿಗೆ ಇರುವುದೇ 100 ಮಿ.ಮೀ. ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೊ ಹಲಗೆಯ ಹೊರಗೆ! 250 ಮಿ.ಮೀ. ಹಲಗೆ ಕತ್ತರಿಸಿ, ಗುರುವನ್ನು ಎಡ ಅಂಚಿಗೆ ತಂದು ಮತ್ತೆ ಮಾಡಿದೆ. ಉಪಗ್ರಹ ಇರುವ ಗ್ರಹಗಳಿಗೆ ಮೊದಲು ಉಪಗ್ರಹದ ದೂರ ನೋಡಿ, ಆಮೇಲೆ ಹಲಗೆ ಕತ್ತರಿಸಿ.

ಗ್ಯಾನಿಮೀಡಿಗೆ 0.55ರ ಗುಂಡು, ಬುಧನಿಗೆ 0.5ರದು. ಎರಡನ್ನೂ ಬಿಳಿ ಕಾಗದದ ಮೇಲೆ ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆವು. ಉಪಗ್ರಹವೊಂದು ಗ್ರಹಕ್ಕಿಂತ ದೊಡ್ಡದು ಅನ್ನುವ ಮಾತನ್ನು ಎಷ್ಟೋ ಸಲ ಓದಿದ್ದೆ. ಹೀಗೆ ಕಣ್ಣಾರೆ ನೋಡಿದ್ದು ಇದೇ ಮೊದಲು.

ಶನಿಗೆ 12 ಮಿ.ಮೀ. ಗುಂಡು. ಬಳೆಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದೆ: ಹೊರವ್ಯಾಸ 27.4 ಮಿ.ಮೀ., ಒಳವ್ಯಾಸ 14.9. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಅಂಕುಡೊಂಕು. ಕೈವಾರದ ಪೆನ್ಸಿಲಿನ ಜಾಗಕ್ಕೆ ಬ್ಲೇಡಿನ ತುಂಡು ಕಟ್ಟಿ ಹತ್ತು ಸುತ್ತು ಹಗುರವಾಗಿ ಕೊರೆದಾಗ ಚೆನ್ನಾಗಿ ಬಂತು. ಬಳೆಗಳ ನಡುವೆ ಕಾಣುವ ಕಪ್ಪು ಸಂದು, ಅಂದರೆ ಕ್ಯಾಸಿನಿ ಬಿರುಕಿನ ಅಗಲ ಈ ಅಳತೆಯಲ್ಲಿ ಅರ್ಧ ಮಿ.ಮೀ.ಗೆ ತುಸು ಕಡಿಮೆ. 24 ಮಿ.ಮೀ. ವ್ಯಾಸದ ಮೇಲೆ 0.5ರ ಪೆನ್ನಿನಲ್ಲಿ ಒಂದು ಕಪ್ಪು ವೃತ್ತ ಎಳೆದರೆ ಆಯಿತು. ಗುಂಡಿಗೂ ಬಳೆಗೂ ನಡುವಿನ ಸಂದಿಯಲ್ಲಿ ಮೂರು ಕಡೆ ನೂಲಿನಷ್ಟು ತೆಳು ಪ್ಲಾಸ್ಟಿಕ್ ಆಧಾರ ಕೊಟ್ಟಿದ್ದೇನೆ, ಇಡೀ ಜೋಡಿಯನ್ನು 26.7 ಡಿಗ್ರಿ ವಾಲಿಸಿ ನಿಲ್ಲಿಸಿದ್ದೇನೆ. ಒಂದು ಸುಳ್ಳು ಮಾತ್ರ ಉಳಿದಿದೆ. ಹಾಳೆಯ ದಪ್ಪ 0.1 ಮಿ.ಮೀ., ಅಂದರೆ 1,000 ಕಿ.ಮೀ. ನಿಜವಾದ ಬಳೆಗಳು ಬಹಳ ಕಡೆ ಕೆಲವೇ ಹತ್ತು ಮೀಟರ್ ದಪ್ಪ. ಅಷ್ಟು ತೆಳು ಹಾಳೆಯನ್ನು ಯಾರೂ ಮಾಡಲಾರರು. ಫಲಕದಲ್ಲಿ ಇದನ್ನು ಬರೆದಿದ್ದೇನೆ.

ಯುರೇನಸ್, ನೆಪ್ಚೂನ್ ಎರಡಕ್ಕೂ 5 ಮಿ.ಮೀ. ಗುಂಡು. ಯುರೇನಸ್ಸಿಗೆ ಬಣ್ಣ ದಪ್ಪಗೆ, ನೆಪ್ಚೂನಿಗೆ ಗುಂಡನ್ನು ತಿಕ್ಕಿ ತೆಳುವಾಗಿ. ಯುರೇನಸ್ಸಿನ ಅಕ್ಷ 98 ಡಿಗ್ರಿ ವಾಲಿರುವುದರಿಂದ ಅಕ್ಷದ ಗೆರೆಯನ್ನು ಹೆಚ್ಚುಕಡಿಮೆ ಅಡ್ಡಡ್ಡ ಎಳೆದೆ.

ದಿನ 17: ಕ್ಷುದ್ರಗ್ರಹಗಳು

33 ಮೀಟರಿನಿಂದ 48 ಮೀಟರ್ ವರೆಗೆ, ಮಂಗಳಕ್ಕೂ ಗುರುವಿಗೂ ನಡುವೆ ಸೂರ್ಯನನ್ನು ಸುತ್ತುವ ಕಲ್ಲುಗಳ, ಅಂದರೆ ಕ್ಷುದ್ರಗ್ರಹಗಳ ಪಟ್ಟಿ. ಒಂದು ಹಲಗೆಗೆ ಅಂಟು ಸವರಿ ಮರಳು ಉದುರಿಸಿದೆ. ನೋಡಲು ಬಹಳ ಚೆಂದ ಇತ್ತು. ಆಮೇಲೆ ಒಂದು ಕಣವನ್ನು ಅಳೆದೆ: 0.3 ಮಿ.ಮೀ., ಅಂದರೆ 3,000 ಕಿ.ಮೀ. ಪಟ್ಟಿಯಲ್ಲೇ ದೊಡ್ಡದಾದ ಸಿರಿಸ್ಸಿನ ವ್ಯಾಸ 940 ಕಿ.ಮೀ. ಅಂಥ ಒಂದೊಂದು ಮರಳಿನ ಕಣವೂ ಸಿರಿಸ್ಸಿನ ಮೂರು ಪಟ್ಟು ಅಗಲ! ಇಡೀ ಪಟ್ಟಿಯ ದ್ರವ್ಯರಾಶಿ ಒಟ್ಟು ಮಾಡಿದರೂ ನಮ್ಮ ಚಂದ್ರನ ಶೇ. 3ರ ಆಸುಪಾಸು. ಕಲ್ಲುಗಳ ನಡುವೆ ನುಸುಳಿ ತಪ್ಪಿಸಿಕೊಳ್ಳುವ ನೌಕೆಯ ಚಿತ್ರ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಲೆಕ್ಕ ಗೊತ್ತಿದ್ದೂ ನಾನು ಮರಳು ಉದುರಿಸಿದ್ದೆ. 1972ರಲ್ಲಿ ಹೊರಟ ಪಯನೀರ್ 10 ಈ ಪಟ್ಟಿಯನ್ನು ಮೊದಲು ದಾಟಿದ ನೌಕೆ, ಯಾವುದಕ್ಕೂ ಡಿಕ್ಕಿ ಹೊಡೆಯದೆ ಗುರುವನ್ನು ತಲುಪಿತು.

ಮರಳನ್ನೆಲ್ಲ ಕೆರೆದು ತೆಗೆದೆ. ಈಗ ಆ ಹಲಗೆಯಲ್ಲಿ ಕಪ್ಪು ಕಾಗದಕ್ಕೆ ಅತಿ ಸಣ್ಣ ಸೂಜಿಯ ಮೊನೆ ಮುಟ್ಟಿಸಿದ ಒಂದೇ ಒಂದು ತೂತಿದೆ, ಹಿಂದಿನ ಬೆಳಕು ಅದರಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಅದು ಸಿರಿಸ್. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜಿ ಕಂಡದ್ದು, ಈಗ ಕುಬ್ಜ ಗ್ರಹ ಅನಿಸಿಕೊಂಡದ್ದು. ಉಳಿದ ಹಲಗೆ ಖಾಲಿ.

ದಿನ 18–20: ದೂರ ಅಳೆಯುವುದು

30 ಮೀಟರ್ ಟೇಪನ್ನು ಇಪ್ಪತ್ತು ಸಲ ಎಳೆಯುವ ಬೇಸರಕ್ಕೆ ಸೈಕಲ್ ಚಕ್ರ ಹಿಡಿದೆ. ಟೈರಿನ ಸುತ್ತ ಟೇಪ್ ಹಿಡಿದು ಅಳೆದಾಗ 2.10 ಮೀಟರ್ ಬಂತು. ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಸುತ್ತು ಎಣಿಸುತ್ತ ನಡೆದೆ. ನೆಪ್ಚೂನಿಗೆ 214 ಸುತ್ತು, ಪ್ಲೂಟೊಗೆ 281. ಗೂಟ ಹೊಡೆದು, ಎರಡು ಗುಂಡಿಯನ್ನೂ ತೋಡಿದೆ.

ರಾತ್ರಿ ಯಾಕೋ ಅನುಮಾನ ಬಂತು. ಮರುದಿನ ಟೇಪಿನ ಪಕ್ಕದಲ್ಲೇ ಚಕ್ರವನ್ನು ಹತ್ತು ಸುತ್ತು ಉರುಳಿಸಿದೆ. 21 ಮೀಟರ್ ಬರಬೇಕಿತ್ತು, ಬಂದದ್ದು 20.7. ನೆಲದ ಮೇಲೆ ಒತ್ತಿಕೊಂಡು ಉರುಳುವಾಗ ಟೈರು ತುಸು ಚಪ್ಪಟೆಯಾಗುತ್ತದೆ, ಸುತ್ತಿಗೆ 3 ಸೆಂ.ಮೀ. ಕಡಿಮೆ ದೂರ ಹೋಗುತ್ತದೆ. 281 ಸುತ್ತಿಗೆ ಅದು ಎಂಟೂವರೆ ಮೀಟರ್. ಸುಮಾರು ಎಂಟೂವರೆ ಕೋಟಿ ಕಿಲೋಮೀಟರ್ ತಪ್ಪು!

ಪ್ಲೂಟೊವಿನ ಮಟ್ಟಿಗೆ ಇದನ್ನು ಹಾಗೇ ಬಿಟ್ಟರೂ ನಡೆಯುತ್ತಿತ್ತು. ಅದರ ಕಕ್ಷೆ ಎಷ್ಟು ಉದ್ದುದ್ದ ಅಂದರೆ ಈ ಹಾದಿಯಲ್ಲಿ 444 ಮೀಟರಿನಿಂದ 737 ಮೀಟರ್ ವರೆಗೆ ಓಡಾಡುತ್ತದೆ, ಕೆಲವು ಕಾಲ ನೆಪ್ಚೂನಿಗಿಂತ ಒಳಗೂ ಬರುತ್ತದೆ. 590.6 ಅನ್ನುವುದು ಸರಾಸರಿ. ಆದರೆ ನೆಪ್ಚೂನಿನ ಕಕ್ಷೆ ಹೆಚ್ಚುಕಡಿಮೆ ವೃತ್ತವೇ, ಅದಕ್ಕೆ ಆ ನೆಪ ಇಲ್ಲ. ಎರಡು ಗುಂಡಿ ಮುಚ್ಚಿದೆ. ಉಕ್ಕಿನ ಟೇಪ್ ಹಿಡಿದು, ಪ್ರತಿ 30 ಮೀಟರಿಗೆ ಮೊಳೆ ನೆಟ್ಟು ಮತ್ತೆ ಅಳೆದೆ, ವಾಪಸು ಬರುವಾಗ ಇನ್ನೊಮ್ಮೆ ಅಳೆದೆ. ಎರಡು ಸಲದ ವ್ಯತ್ಯಾಸ 11 ಸೆಂ.ಮೀ. ಇಷ್ಟು ಸಾಕು.

ದಿನ 21–25: ಕಂಬ, ಮಳೆ, ತುಕ್ಕು

ಒಂದೂಕಾಲು ಮೀಟರ್ ಪೈಪು, 40 ಸೆಂ.ಮೀ. ನೆಲದೊಳಗೆ. ಮೊದಲ ಐದು ಕಂಬ 23 ಮೀಟರೊಳಗೇ ಮುಗಿದವು. ಗುರುವಿನ ನಂತರ ಗುದ್ದಲಿ, ನೀರು, ಕಲ್ಲು ಹೊತ್ತು ನಡೆದದ್ದೇ ನಡೆದದ್ದು. ಶನಿಯಿಂದ ಯುರೇನಸ್ಸಿಗೆ 144 ಮೀಟರ್, ಸೂರ್ಯನಿಂದ ಶನಿಗೆ ಬಂದಷ್ಟೇ ಮತ್ತೆ ನಡೆಯಬೇಕು. ಈ ದೂರ ನನ್ನ ತಲೆಗೆ ಇಳಿದದ್ದು ತಲೆಯ ಮೇಲೆ ಕಲ್ಲಿನ ಬುಟ್ಟಿ ಇದ್ದಾಗ.

22ನೇ ದಿನ ರಾತ್ರಿ ಮಳೆ. ಬೆಳಗ್ಗೆ ನೋಡಿದರೆ ಫಲಕಗಳ ಅಕ್ಷರವೆಲ್ಲ ನೀಲಿ ನೀರಾಗಿ ಹರಿದಿತ್ತು. ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದ್ದೆ. ಅದರ ಶಾಯಿ ನೀರಿಗೆ ನಿಲ್ಲುವುದಿಲ್ಲ. ಎಲ್ಲವನ್ನೂ ಲೇಸರ್ ಮುದ್ರಣದಲ್ಲಿ ಮತ್ತೆ ತೆಗೆಸಿ, ಲ್ಯಾಮಿನೇಟ್ ಮಾಡಿಸುವಾಗ ಸುತ್ತಲೂ 8 ಮಿ.ಮೀ. ಅಂಚು ಬಿಡಿಸಿದೆ. ಅಂಚಿಗೆ ಸರಿಯಾಗಿ ಕತ್ತರಿಸಿದರೆ ನೀರು ಪದರದೊಳಗೆ ನುಸುಳುತ್ತದೆ.

25ನೇ ದಿನ ಗುರುವಿನ ತಳದಲ್ಲಿ ಕಂದು ಕಲೆ. ಅಂಟು ತಾಗುವ ಕಡೆ ಬಣ್ಣ ಹಚ್ಚದೆ ಬಿಟ್ಟಿದ್ದೆ, ಬೇರಿಂಗಿನ ಉಕ್ಕು ಅಲ್ಲಿಂದಲೇ ತುಕ್ಕು ಹಿಡಿದಿದೆ. ಬಿಚ್ಚಿ, ತಿಕ್ಕಿ, ತುಕ್ಕು ತಡೆಯುವ ಪ್ರೈಮರ್ ಸುತ್ತಲೂ ಹಚ್ಚಿ ಮತ್ತೆ ಕೂರಿಸಿದೆ. ಶುಕ್ರ, ಭೂಮಿ, ಶನಿ, ಯುರೇನಸ್, ನೆಪ್ಚೂನಿಗೂ ಅದೇ ಉಪಚಾರ. ತುಕ್ಕು ನಿಜವಾಗಿ ಸಲ್ಲುವುದು ಮಂಗಳಕ್ಕೆ: ಅಲ್ಲಿನ ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಆದರೆ ನನ್ನ ಮಂಗಳ ಸೋಲ್ಡರಿನದು, ಅದಕ್ಕೆ ಕಬ್ಬಿಣದ ತುಕ್ಕು ಬರುವ ಮಾತಿಲ್ಲ. ಕೆರೆದ ತುಕ್ಕಿನ ಪುಡಿಯನ್ನು ವಾರ್ನಿಶ್ಶಿಗೆ ಕಲಸಿ ಮಂಗಳಕ್ಕೆ ಹಚ್ಚಿದೆ. ಬಣ್ಣ ಬಹಳ ಚೆನ್ನಾಗಿ ಕೂತಿದೆ.

ದಿನ 26: ಧೂಮಕೇತು

ಹ್ಯಾಲಿ ಧೂಮಕೇತುವಿನ ತಿರುಳು ಸುಮಾರು 15 ಕಿ.ಮೀ. ಉದ್ದ, ನನ್ನ ಅಳತೆಯಲ್ಲಿ 0.0015 ಮಿ.ಮೀ. ಮಾಡುವ ಪ್ರಶ್ನೆಯೇ ಇಲ್ಲ. ಆದರೆ ಧೂಮಕೇತುಗಳ ಬಾಲ ಹತ್ತು ಕೋಟಿ ಕಿ.ಮೀ. ವರೆಗೂ ಬೆಳೆಯಬಲ್ಲದು, ಅದು 10 ಮೀಟರ್ ಬಿಳಿ ನೂಲು. ಹ್ಯಾಲಿ ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು 8.8 ಮೀಟರ್, ಬುಧ ಮತ್ತು ಶುಕ್ರ ಕಂಬಗಳ ನಡುವೆ. ಅಲ್ಲೊಂದು ಗೂಟ ಹೊಡೆದು, ಧೂಮಕೇತು ಸಾಗುವ ದಿಕ್ಕಿಗೆ ಬೆನ್ನ ಹಿಂದೆ ಬರುವಂತೆ ನೂಲು ಕಟ್ಟಿದೆ. ತಪ್ಪು. ಬಾಲ ಓಟದ ಹಿಂದೆ ಬೀಳುವುದಿಲ್ಲ. ಸೂರ್ಯನ ಬೆಳಕು ಮತ್ತು ಸೌರಮಾರುತದ (ಸೂರ್ಯನಿಂದ ಹೊಮ್ಮುವ ಕಣಗಳ ಹರಿವು) ಒತ್ತಡಕ್ಕೆ ಸೂರ್ಯನಿಂದ ಆಚೆ ಚಾಚಿಕೊಳ್ಳುತ್ತದೆ, ದೂರ ಹೋಗುವಾಗ ಬಾಲವೇ ಮುಂದೆ. ನೂಲು ಬಿಚ್ಚಿ ಸೂರ್ಯನಿಗೆ ಬೆನ್ನು ಮಾಡಿ ಕಟ್ಟಿದೆ. ಅದರ ತುದಿ ಭೂಮಿಯ ಕಂಬ ದಾಟಿ 18.8 ಮೀಟರಿಗೆ ಬಂತು.

ಅದರ ಕಕ್ಷೆಯ ಅತಿ ದೂರದ ತುದಿ 525 ಮೀಟರಿನಲ್ಲಿ, ನೆಪ್ಚೂನಿನ ಆಚೆ. 1986ರಲ್ಲಿ ಬಂದುಹೋದ ಹ್ಯಾಲಿ 2023ರ ಡಿಸೆಂಬರಿನಲ್ಲಿ ಆ ತುದಿ ಮುಟ್ಟಿ ಈಗ ಮರಳುತ್ತಿದೆ, 2061ಕ್ಕೆ ಬರುತ್ತದೆ. ಅದು ದಾರಿಯಲ್ಲಿ ಉದುರಿಸಿದ ಧೂಳನ್ನು ಭೂಮಿ ಪ್ರತಿ ವರ್ಷ ಮೇ ಮತ್ತು ಅಕ್ಟೋಬರಿನಲ್ಲಿ ಹಾದುಹೋಗುತ್ತದೆ. ಆಗ ಕಾಣುವುದೇ ಉಲ್ಕೆಗಳ ಮಳೆ. ಆಕಾಶದಿಂದ ನಕ್ಷತ್ರ ಬಿತ್ತು ಅನ್ನುತ್ತೇವಲ್ಲ, ಅದು ಇಂಥ ಧೂಳಿನ ಕಣ.

ದಿನ 27–28: ಪರೀಕ್ಷೆ

ಅಳತೆ ಸರಿಯಿದ್ದರೆ ಭೂಮಿಯ ಕಂಬದ ಬಳಿ ನಿಂತವರಿಗೆ ಹಳದಿ ಚೆಂಡು ಆಕಾಶದ ಸೂರ್ಯನಷ್ಟೇ ದೊಡ್ಡದಾಗಿ ಕಾಣಬೇಕು, ಸುಮಾರು ಅರ್ಧ ಡಿಗ್ರಿ. ಆಕಾಶದ ಸೂರ್ಯನನ್ನು ನೇರ ನೋಡುವಂತಿಲ್ಲ, ನೋಡಲೂಬಾರದು. ಹುಣ್ಣಿಮೆಯ ಚಂದ್ರನೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಅದರೊಂದಿಗೆ ಹೋಲಿಸಿದೆವು. ಸರಿಹೋಯಿತು.

ಗ್ರಹಣ ತೋರಿಸುವ ಮೊದಲ ಯತ್ನ ಕೈಕೊಟ್ಟಿತು. 0.35ರ ಚಂದ್ರನನ್ನು ಕಣ್ಣಿನಿಂದ 38 ಮಿ.ಮೀ. ದೂರ ಹಿಡಿದರೆ ಸೂರ್ಯ ಮುಚ್ಚಬೇಕು. ಏನೂ ಕಾಣಲಿಲ್ಲ. ಕಣ್ಣಿನ ಪಾಪೆಯೇ ಎರಡು ಮೂರು ಮಿ.ಮೀ., ಅಂದರೆ ಈ ಅಳತೆಯಲ್ಲಿ ಎರಡು ಭೂಮಿಯಗಲ. ಚಂದ್ರನ ಸುತ್ತ ಬೆಳಕು ನುಸುಳಿ ಬರುತ್ತದೆ, ಅಷ್ಟು ಹತ್ತಿರ ದೃಷ್ಟಿಯೂ ನಿಲ್ಲುವುದಿಲ್ಲ. ಆಮೇಲೆ ಉಳಿದಿದ್ದ 5 ಮಿ.ಮೀ. ಗುಂಡನ್ನು ಕಡ್ಡಿಗೆ ಅಂಟಿಸಿ ಕಣ್ಣಿನಿಂದ 54 ಸೆಂ.ಮೀ. ದೂರ ಹಿಡಿದೆವು. ಹಳದಿ ಚೆಂಡು ಸರಿಯಾಗಿ ಮುಚ್ಚಿಕೊಂಡಿತು. ಕಡ್ಡಿಯನ್ನು ಇನ್ನು ಸ್ವಲ್ಪ ಆಚೆ ಸರಿಸಿದರೆ ಸುತ್ತ ಹಳದಿ ಬಳೆ. ಕಂಕಣ ಗ್ರಹಣ ಆಗುವುದೂ ಹೀಗೆಯೇ, ಚಂದ್ರ ತನ್ನ ಕಕ್ಷೆಯಲ್ಲಿ ದೂರದ ಕಡೆ ಇದ್ದಾಗ. ಮಗಳು ಆ ಕಡ್ಡಿಯನ್ನು ಅರ್ಧ ಗಂಟೆ ಕೆಳಗಿಡಲಿಲ್ಲ.

ಬೆಳಕಿನ ನಡಿಗೆಯನ್ನೂ ಮಾಡಿದೆವು. ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ., ಈ ಹಾದಿಯಲ್ಲಿ ಸೆಕೆಂಡಿಗೆ 3 ಸೆಂ.ಮೀ. ಗಡಿಯಾರ ನೋಡಿಕೊಂಡು ಒಂದು ಕಡ್ಡಿಯನ್ನು ನೆಲದ ಮೇಲೆ ಅಷ್ಟೇ ವೇಗದಲ್ಲಿ ತಳ್ಳುತ್ತ ಹೋಗಬೇಕು. ಬುಧ ತಲುಪಲು 3 ನಿಮಿಷ ಮೀರಿತು, ಭೂಮಿಗೆ 8 ನಿಮಿಷ 19 ಸೆಕೆಂಡ್. ನೆಪ್ಚೂನಿನ ವರೆಗೆ ತಳ್ಳಲು ನಾಲ್ಕು ಗಂಟೆ ಮೇಲೆ ಬೇಕು, ಮಂಗಳದ ಹತ್ತಿರ ನಿಲ್ಲಿಸಿದೆವು.

ದಿನ 29: ಪ್ಲೂಟೊ

ಕೊನೆಯ ಹಲಗೆ. 0.25ರ ಗುಂಡು. ಅದರ ಜೊತೆಗಾರ ಕ್ಯಾರನ್ 0.12 ಮಿ.ಮೀ., ದೂರ ಬರೀ 2 ಮಿ.ಮೀ. ಅಷ್ಟು ಸಣ್ಣ ಗುಂಡು ನನಗೆ ಸಿಗಲಿಲ್ಲ, ಸೂಜಿಯಿಂದ ಚುಕ್ಕೆ ಇಟ್ಟೆ. 1930ರಲ್ಲಿ ಕ್ಲೈಡ್ ಟೊಂಬಾ ಕಂಡಾಗ ಒಂಬತ್ತನೇ ಗ್ರಹ, 2006ರಿಂದ ಕುಬ್ಜ ಗ್ರಹ ಎಂದು ಫಲಕದಲ್ಲಿ ಬರೆದಿದೆ. ನೆಪ್ಚೂನಿನ ಆಚೆಯ ಹಿಮದ ಸಣ್ಣ ಕಾಯಗಳ ಪಟ್ಟಿ, ಅಂದರೆ ಕೈಪರ್ ಪಟ್ಟಿ, ಸೂರ್ಯನಿಂದ 750 ಮೀಟರಿನ ವರೆಗೆ ಹಬ್ಬಿದೆ, ಹಾದಿ 620ಕ್ಕೇ ಮುಗಿಯುತ್ತದೆ. ಕಂಬದ ಮೇಲೆ ಒಂದು ಬಾಣ ಹಾಕಿದ್ದೇನೆ: 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಈ ಅಳತೆಯಲ್ಲಿ ಸೂರ್ಯನಿಂದ ಸುಮಾರು ಎರಡೂವರೆ ಕಿ.ಮೀ. ದೂರದಲ್ಲಿದೆ. ಅದರ ಕೆಳಗೆ ಇನ್ನೊಂದು ಬಾಣ: ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, ಸುಮಾರು 4,020 ಕಿ.ಮೀ. ಅಲ್ಲಿಗೆ ಕಂಬ ನೆಡುವುದಾದರೆ ಎರಡು ಸೆಂ.ಮೀ.ಯ ಒಂದು ಕೆಂಪು ಗುಂಡು ಸಾಕು. ನಮ್ಮ ಕ್ಷೀರಪಥವನ್ನು ಇದೇ ಅಳತೆಗೆ ಕುಗ್ಗಿಸಿದರೂ ಅಗಲ ಸುಮಾರು ಒಂಬತ್ತೂವರೆ ಕೋಟಿ ಕಿ.ಮೀ. ಬರುತ್ತದೆ.

ಮಣ್ಣು ತುಳಿದು ಮುಗಿಸಿ ಹಿಂತಿರುಗಿ ಸೂರ್ಯನತ್ತ ನೋಡಿದೆವು. 590 ಮೀಟರ್ ಆಚೆ ಚೆಂಡು ಗುಂಡಗೆ ಕಾಣಲಿಲ್ಲ. ಸಂಜೆಯ ಓರೆ ಬೆಳಕು ಅದರ ಮೇಲೆ ಬಿದ್ದಿದ್ದರಿಂದ ಒಂದು ಹಳದಿ ಚುಕ್ಕೆ ಮಾತ್ರ ಕಂಡಿತು, ಒಬ್ಬರು ಅಡ್ಡ ನಡೆದುಹೋದಾಗ ಮರೆಯಾಗಿ ಮತ್ತೆ ಬಂತು. ಮಗಳು ಆ ಚುಕ್ಕೆ ಕಡೆಗೆ ಬೆರಳು ಚಾಚಿ, ನಡುವೆ ಇರುವ ಕಂಬಗಳನ್ನು ಎಣಿಸತೊಡಗಿದಳು. ನೆಪ್ಚೂನ್ ಸಿಕ್ಕಿತು, ಯುರೇನಸ್ ಸಿಕ್ಕಿತು, ಶನಿಯಿಂದ ಒಳಗಿನದೆಲ್ಲ ಒಂದೇ ಕಡೆ ಕಲೆತು ಹೋಗಿತ್ತು.

ಉಳಿದಿರುವ ಕೆಲಸ: ಬುಧನ ಗುಂಡು ಎರಡು ಸಲ ಉದುರಿದೆ. ಮೂರನೆಯದನ್ನು ಕುಳಿ ಇನ್ನಷ್ಟು ಆಳ ಮಾಡಿ ಕೂರಿಸಿದ್ದೇನೆ, ಮಳೆಗಾಲ ಮುಗಿದ ಮೇಲೆ ಇದ್ದರೆ ಅದು ನಿಂತ ಹಾಗೆ. ಸೀಸೆಯಲ್ಲಿ ಇನ್ನೂ ಸಾವಿರಾರು ಇವೆ.